ಸೋಡಾಕ್ಕೆ ಹಾಕಿದ ಸಹಿ

ಕಿಸುಮು ನಗರದ ಕಡೆಗೆ ಹೋಗುವ ಮಟಾಟು ವ್ಯಾನಿಗಾಗಿ ಹೆದ್ದಾರಿ ಬದಿಯಲ್ಲಿ ಕಾಯುತ್ತಿದ್ದೆ. ಪಕ್ಕದಲ್ಲಿ ಬಾಳೆಕಾಯಿ ಮಾರುವ ಇಬ್ಬರು ಹೆಂಗಸರು ನಿಂತಿದ್ದರು. ಹಿರಿಯಳು ಕೆಮುಂಟೊ, ಕಿರಿಯಳು ಮೊರಾ. ಕೌಂಟಿ ಸರ್ಕಾರದ ಕಚೇರಿಯವರು ಹಂಚಿದ ದಪ್ಪ ಪುಸ್ತಕವೊಂದು ಮೊರಾಳ ಕೈಯಲ್ಲಿತ್ತು.

"ಇಪ್ಪತ್ತು ವರ್ಷದ ರಸ್ತೆ ಯೋಜನೆಯಂತೆ ಅಕ್ಕಾ. ಪೂರ್ತಿ ಓದ್ದೆ. ನಡೆದು ರಸ್ತೆ ದಾಟೋಕೆ ನಾವು ಕೇಳಿದ ಮೇಲ್ಸೇತುವೆ ಎಲ್ಲೂ ಇಲ್ಲ."

"ಇಲ್ವಾ? ಸಭೇಲಿ ಗಂಟಲು ಹರ್ಕೊಂಡು ಕೇಳಿದ್ವಲ್ಲೇ!"

"ಅದನ್ನೆಲ್ಲ ಯಾರು ಬರ್ಕೊಂಡ್ರು? 'ಬಂದಿದ್ದ ಇನ್ನೂರ ಹನ್ನೊಂದು ಜನರೂ ಯೋಜನೆಗೆ ಒಪ್ಪಿದ್ದಾರೆ' ಅಂತಿದೆ. ಕೆಳಗೆ ನಮ್ಮ ಸಹಿ."

"ಥೂ! ಅದು ಸಭೇಲಿ ಸೋಡಾ, ಬ್ರೆಡ್ಡು ಇಸ್ಕೊಂಡಿದ್ದಕ್ಕೆ ಹಾಕಿದ ಸಹಿ ಕಣೇ!"

"ಅದನ್ನೇ ಒಪ್ಪಿಗೆ ಅಂತ ಅಂಟಿಸಿದ್ದಾರೆ, ಮಾನಗೆಟ್ಟವರು. ನಿನ್ನ ಹೆಸರು ನೂರ ನಾಲ್ಕನೇದು."

ಕೆಮುಂಟೊ ಪುಸ್ತಕದ ಕಡೆಗೆ ಬಾಗಿದಳು.

"ನೂರ ಐದನೇದು ಯಾರ್ದು, ನೋಡು."

"ಒಂಬುಯಿ... ಅಯ್ಯೋ ಅಕ್ಕಾ, ಭಾವ ಹೋಗಿ ಎರಡು ವರ್ಷ ಆಯ್ತಲ್ಲ!"

"ಹೆಸರಿಗೊಂದು ಸೋಡಾ ಅಂದ್ರು. ಮನೇಲಿರೋ ಮಗಳಿಗೂ ಒಂದಿರಲಿ ಅಂತ ಅವರ ಹೆಸರಲ್ಲೂ ಗೀಚಿದೆ."

"ಲಾರಿ ಭಾವನ ಮೇಲೆ ಹರಿದಿದ್ದು ಇಲ್ಲೇ ಅಲ್ವಾ, ರಸ್ತೆ ದಾಟುವಾಗ?"

"ಹೂಂ, ಇಲ್ಲೇ. ಈಗ ನೋಡು, ಸೇತುವೆ ಇಲ್ದಿದ್ರೂ ಪರವಾಗಿಲ್ಲ ಅಂತ ಅವರೇ ಸಹಿ ಹಾಕಿದಂಗಾಯ್ತು. ಥೂ, ನನ್ನ ಜನ್ಮಕ್ಕೆ!"

ಮೊರಾ ಪುಸ್ತಕವನ್ನು ಚರಂಡಿಗೆಸೆದಳು. ಇಬ್ಬರೂ ಬುಟ್ಟಿಗಳನ್ನು ತಲೆಗೇರಿಸಿ, ಒಬ್ಬರ ಕೈ ಒಬ್ಬರು ಬಿಗಿಯಾಗಿ ಹಿಡಿದುಕೊಂಡು, ಎರಡು ಲಾರಿಗಳ ನಡುವೆ ಸಿಕ್ಕ ಜಾಗದಲ್ಲಿ ಆಚೆಗೆ ಓಡಿದರು.