ಓರ್ಸೊಲಾ ತಲೆಯ ಹಿಂದಿನ ಪ್ರಭಾವಳಿ

ಪೀಠವನ್ನು ಅಲಂಕರಿಸಿರುವ ಸಂಘದ ಅಧ್ಯಕ್ಷ ಸಿನ್ಯೋರ್ ತದ್ದೇಯೊ ಅವರೇ, ಪೂಜ್ಯ ಪಾದ್ರಿಗಳೇ, ಊಟದ ವಾಸನೆಗೆ ಆಗಲೇ ಬಾಗಿಲ ಕಡೆ ತಿರುಗಿರುವ ಬೊಲೋನ್ಯದ ಚಿತ್ರಕಾರ ಸಭಿಕರೇ,

ನಮ್ಮ ಚಿತ್ರಕಾರರನ್ನು ಕಾಯುವ ಸಂತ ಲೂಕನ ಹಬ್ಬದ ಈ ದಿನ ಈ ಗೋಡೆಗೆ ಹೊಸ ಚಿತ್ರವೊಂದು ಏರಿದೆ. ವಂದನೆ ಹೇಳಲು ನನ್ನನ್ನು ಕರೆದಿದ್ದೀರಿ. ಎರಡೇ ಮಾತು ಎಂದಿದ್ದೀರಿ. ಹೆಂಗಸರ ಹಕ್ಕಿನ ಕರಪತ್ರ ಓದಿ ಕೆಟ್ಟವಳು ಎಂದು ನೀವೇ ಹೇಳುವ ನನಗೆ ಎರಡು ಮಾತು ಸಾಕೇ?

ಸದಸ್ಯರಾದವರು ತಮ್ಮ ಮುಖವನ್ನು ತಾವೇ ಬರೆದು ಸಂಘಕ್ಕೆ ಕೊಡುವುದು ಪದ್ಧತಿ. ಈ ಗೋಡೆಯ ಗಂಡಸರನ್ನು ನೋಡಿ, ಮೂವತ್ತಕ್ಕೇ ಋಷಿಗಳು. ಹೆಂಗಸು ಮಾತ್ರ ಕೂದಲು ಬಿಚ್ಚಿದ ಕಲಾದೇವಿಯಾಗಬೇಕಂತೆ. ನನ್ನ ಗುರು ಓರ್ಸೊಲಾ ಅರವತ್ತು ದಾಟಿದವರು. ಕನ್ನಡಕ, ಬಿದ್ದ ಹಲ್ಲು, ಎರಡನೆಯ ಗದ್ದ, ಕನ್ನಡಿ ತೋರಿಸಿದ್ದನ್ನೆಲ್ಲ ಬರೆದರು. ನಾನೇ ಹೆದರಿ, "ಆ ಗದ್ದ ಒಂದು ಬಿಡಬಾರದಾ ಅಮ್ಮಾ?" ಅಂದೆ. "ಮೂವತ್ತು ವರ್ಷ ತಿಂದು ಬೆಳೆಸಿದ್ದು ಕಣೇ, ಹಂಗೆಲ್ಲ ಬಿಡೋಕಾಗುತ್ತಾ?" ಅಂದರು.

ಅಧ್ಯಕ್ಷರು, "ಮುದುಕಿ ಮುಖಕ್ಕೆ ಇಲ್ಲಿ ಜಾಗ ಇಲ್ಲ" ಎಂದು ಚಿತ್ರವನ್ನು ವಾಪಸು ಕಳಿಸಿದರು. ನಾವು ಅದನ್ನು ಪಕ್ಕದ ಚರ್ಚಿನ ಮೊಗಸಾಲೆಯಲ್ಲಿ ಒರಗಿಸಿಟ್ಟೆವು. ಮಾರನೆಯ ಬೆಳಿಗ್ಗೆ ಅದರ ಮುಂದೆ ಮೇಣದ ಬತ್ತಿಗಳು, ಮಂಡಿಯೂರಿದ ಬಸುರಿಯರು. ಮಾತೆ ಮರಿಯಮ್ಮನವರ ತಾಯಿ, ಬಸುರಿಯರನ್ನು ಕಾಯುವ ಸಂತ ಅನ್ನಮ್ಮ ಎಂದುಕೊಂಡಿದ್ದರು. ನಮ್ಮೂರಲ್ಲಿ ಮುದುಕಿಯ ಚಿತ್ರ ಇನ್ಯಾರದಿರಲು ಸಾಧ್ಯ? ಓರ್ಸೊಲಾ, "ತಾಯೀ, ಅದು ನಾನು" ಎಂದರೆ, ಒಬ್ಬಳು ಗದರಿದಳು: "ಸುಮ್ನಿರಜ್ಜಿ. ಆ ಕಳೆ ನಿನ್ನ ಮುಖಕ್ಕೆ ಎಲ್ಲಿಂದ ಬರ್ಬೇಕು?"

ಸುದ್ದಿ ಕೇಳಿ ಅಧ್ಯಕ್ಷರಿಗೆ ದಾರಿ ಸಿಕ್ಕಿತು. ಮುದುಕಿಗಿಲ್ಲದ ಜಾಗ ಸಂತ ಅನ್ನಮ್ಮನಿಗೆ ಇತ್ತು. ಸ್ವಹಸ್ತದಿಂದ ತಲೆಯ ಹಿಂದೆ ಹಳದಿ ಪ್ರಭಾವಳಿ ಬಳಿದರು, ಓರ್ಸೊಲಾ ಹೆಸರಿನ ಮೇಲೆ ಅನ್ನಮ್ಮನ ಹೆಸರು ಬರೆದರು. ನಾನು ಕೂಗಾಡಿದೆ. ಬದುಕೆಲ್ಲ ಕುಂಚ ಹಿಡಿದವಳಿಗೆ ತನ್ನ ಹೆಸರಿನ ಒಂದು ಮೊಳ ಗೋಡೆ ಬೇಡವೇ? ಓರ್ಸೊಲಾ ಮಾತ್ರ ಪ್ರಭಾವಳಿಯನ್ನು ಮೂಸಿ ನೋಡಿದರು. "ಅಂಟುನೀರಿನ ಬಣ್ಣ ಕಣೇ. ಎಣ್ಣೆಗೂ ಜಿಪುಣತನ ಇವನಿಗೆ. ಗೋಡೆಗೆ ಏರೋವರೆಗೂ ಬಾಯಿ ಮುಚ್ಕೊಂಡಿರು."

ಈಗ ಏರಿದೆ. ಹಬ್ಬದ ದಿನ ಏರಿದ ಚಿತ್ರವನ್ನು ಇಳಿಸಕೂಡದು ಎಂಬ ನಿಯಮ ಮಾಡಿದವರು ಅಧ್ಯಕ್ಷರೇ. ಸಭಿಕರೇ, ಮಾತಾಡುತ್ತ ನಾನು ಗೋಡೆಯ ಹತ್ತಿರ ಬಂದಿದ್ದೇನೆ. ಕೈಯಲ್ಲಿರುವುದು ಒದ್ದೆ ಬಟ್ಟೆ. ಒಮ್ಮೆ ಒರೆಸಿದರೆ, ಪ್ರಭಾವಳಿ ಹೋಯಿತು. ಇನ್ನೊಮ್ಮೆ. ಕೂತುಕೊಳ್ಳಿ ಸಿನ್ಯೋರ್, ಮುಗಿಯಿತು. ಹಿಂದಿನ ಸಾಲಿನವರೂ ಓದಬಹುದು: ‘ಓರ್ಸೊಲಾ, ನನ್ನನ್ನು ನಾನೇ ಬರೆದದ್ದು.’

ಮೊಳೆ ಹೊಡೆಸಿಕೊಟ್ಟ ಅಧ್ಯಕ್ಷರಿಗೆ ವಂದನೆಗಳು. ಎಲ್ಲರಿಗೂ ನಮಸ್ಕಾರ.