ಕಿವಿ ಬಂದವರ ಮನೆ

ಅಲ್ಲ ಅಕ್ಕಾ, ನೀವು ಕೂಗಿದ್ದು ಅವರಿಗೆ ಕೇಳಿಸಲಿಲ್ಲ ಅಂತಲ್ಲ... ಬಾಗಿಲು ಹಾಕ್ಕೊಂಡು ಪ್ರಾರ್ಥನೆಗೆ ಕೂತಿದಾರೆ. ಪ್ರಾರ್ಥನೆಗೆ ಕೂತರೆ ನಿಮ್ಮ ತಮ್ಮ ಹೇಗೆ ಅಂತ ನಿಮಗೆ ಗೊತ್ತಲ್ಲ, ಮನೆಗೆ ಬೆಂಕಿ ಬಿದ್ದರೂ ಏಳೋರಲ್ಲ. ಬೇಡ, ಬಾಗಿಲು ತಟ್ಟಬೇಡಿ. ಅವರಾಗೇ ಬರ್ತಾರೆ. ಬ್ಯಾಗ್ ಇಲ್ಲಿ ಕೊಡಿ. ಆ ಕುರ್ಚಿ ಬೇಡ, ಅದರಲ್ಲಿ ಗುಂಡುಸೂಜಿ ಚುಚ್ಚಿಟ್ಟಿರ್ತಾರೆ, ಟೈಲರ್ ಮನೆ ಅಂದ್ರೆ ಇದೇ ಗೋಳು. ಈ ಕಡೆ ಕೂತ್ಕೊಳ್ಳಿ.

ಬಸ್ಸಲ್ಲಿ ಸೀಟು ಸಿಕ್ತಾ? ಸದ್ಯ. ಟೀ ತಗೊಳ್ಳಿ, ಸಕ್ಕರೆ ಕಮ್ಮಿ ಹಾಕಿದೀನಿ. ನಾನು ಇಸ್ತ್ರಿ ಮಾಡ್ತಾ ಮಾತಾಡ್ತೀನಿ, ಬೇಜಾರು ಮಾಡ್ಕೋಬೇಡಿ. ಮಧ್ಯಾಹ್ನಕ್ಕೆ ಈ ಬಿಳಿ ಶರ್ಟೇ ಬೇಕಂತೆ. ಅವರೇ ಹೊಲಿದಿದ್ದು. ಕಾಲರ್ ನೋಡಿ ಹೇಗೆ ಕೂತಿದೆ. ಕಿವಿ ಹೋದ ಮೇಲೆ ಅವರ ಹೊಲಿಗೆ ಇನ್ನೂ... ಅಂದ್ರೆ, ಹೋಗಿತ್ತಲ್ಲ, ಆಗ. ಆಗ ಹೊಲಿಗೆ ಇನ್ನೂ ಅಚ್ಚುಕಟ್ಟಾಯ್ತು ಅಂತ ಹೇಳೋಕೆ ಹೊರಟೆ.

ಯಾಕೆ ಹಾಗೆ ನೋಡ್ತೀರಾ? ತೆಳ್ಳಗಾಗಿದೀನಾ. ಇರಬಹುದು.

ಪಾದ್ರಿಗಳೇ ಫೋನ್ ಮಾಡಿದ್ರಾ ನಿಮಗೆ? ಏನಂದ್ರು? ಹೂಂ... ಕರ್ತನು ನಿಮ್ಮ ತಮ್ಮನ ಕಿವಿ ತೆರೆದಿದಾನೆ ಅಂತ. ಎಲ್ಲರಿಗೂ ಅದೇ ಮಾತಲ್ಲಿ ಹೇಳಿದಾರೆ. ಬೀದಿಯಲ್ಲೂ ಅದೇ. ಮೊನ್ನೆ ಯಾರೋ ಗುರುತಿಲ್ಲದವರು ಪ್ಯಾಂಟು ಹೊಲಿಸೋಕೆ ಬಂದು, ಕಿವಿ ಬಂದವರ ಮನೆ ಇದೇ ತಾನೇ ಅಂದ್ರು. ಹೌದು ಇದೇ ಅಂದೆ. ಅಳತೆ ತಗೊಂಡೆ, ಕಳಿಸಿದೆ.

ಹೂಂ ಅಕ್ಕಾ, ಇವತ್ತಿನ ಕೃತಜ್ಞತಾ ಕೂಟಕ್ಕೆ ಚರ್ಚಿನ ಇಡೀ ಸಭೆ ಬರುತ್ತೆ. ಹಾಡೋದು ನಮ್ಮ ತಂಡವೇ, ಮುಂದೆ ನಿಂತು ತಾಳಕ್ಕೆ ಕೋಲು ಆಡಿಸೋದು ಇವರೇ. ಭಾನುವಾರ ಭಾನುವಾರನೂ ಇವರೇ ನಿಲ್ಲೋದು. ಮೊದಲಿನ ಹಾಗೆ ಬೈಯಲ್ಲ ಈಗ. ಮೊದಲು ಯಾರದಾದ್ರೂ ಸ್ವರ ಒಂಚೂರು ಇಳಿದರೆ ಸಾಕು, ಕೋಲು ಕೆಳಗಿಟ್ಟು ಅವರ ಮೂತಿಯನ್ನೇ ನೋಡ್ತಾ ನಿಲ್ಲೋರು. ಹೋದ ವಾರ ನಮ್ಮ ಪೋಸ್ಟ್‌ಮ್ಯಾನು, ಅದೇ ಆ ದಪ್ಪ ಗಂಟಲಿನವರು, ಹಾಡು ಪೂರ್ತಿ ತಮ್ಮದೇ ದಾರಿ ಹಿಡಿದುಬಿಟ್ರು. ಇವರು ಮುಗುಳ್ನಗ್ತಾ ಕೈ ಆಡಿಸ್ತಾನೇ ಇದ್ರು. ಪವಿತ್ರಾತ್ಮ ಈ ಮನುಷ್ಯನ್ನ ಎಷ್ಟು ಮೆತ್ತಗೆ ಮಾಡಿದೆ ನೋಡಿ ಅಂತ ತಂಡದವರೆಲ್ಲ ಹೇಳ್ಕೊಂಡು ಓಡಾಡ್ತಿದಾರೆ.

ನಗ್ತೀರಾ? ನಗಿ. ನಗೋ ಮಾತೇ ಅದು.

ಅಕ್ಕಾ... ಒಂದು ಸಹಾಯ ಆಗಬೇಕಿತ್ತು. ದೊಡ್ಡದೇನಲ್ಲ. ನೀವು ತಂಡದವರ ಪಕ್ಕದ ಬೆಂಚಲ್ಲಿ, ಇವರ ಕಣ್ಣಿಗೆ ಬೀಳೋ ಹಾಗೆ ಕೂತ್ಕೋಬೇಕು. ಕೈಯಲ್ಲಿ ಹಾಡಿನ ಪುಸ್ತಕ ಇರಲಿ. ಶುರುವಲ್ಲಿ ಆರ್ಗನ್ ಮಾತ್ರ ಸ್ವಲ್ಪ ನುಡಿದು ನಿಲ್ಲುತ್ತಲ್ಲ, ಅದು ನಿಂತ ತಕ್ಷಣ ಪುಸ್ತಕನ ಎದೆ ಮಟ್ಟಕ್ಕೆ ಎತ್ತಿ. ಅಷ್ಟೇ. ಹಾಡು ಮುಗಿದಾಗ ಇಳಿಸಿ. ಪ್ರತಿ ಭಾನುವಾರ ನಾನೇ ಮಾಡೋದು, ಹೆಂಗಸರ ಸಾಲಲ್ಲಿ ನಿಂತು. ಇವತ್ತು ನನ್ನನ್ನ ಮೈಕ್ ಹತ್ತಿರ ನಿಲ್ಲಿಸ್ತಾರೆ, ಕರ್ತನು ಮಾಡಿದ್ದಕ್ಕೆ ಎಲ್ಲರ ಮುಂದೆ ಸಾಕ್ಷಿ ಹೇಳೋಕೆ. ಅಲ್ಲಿಂದ ನಾನು ಅವರಿಗೆ ಕಾಣಲ್ಲ.

ಕೇಳಿಸುತ್ತೆ, ಕೇಳಿಸುತ್ತೆ. ಅವರಿಗೆ ಆರ್ಗನ್ ಕೇಳಿಸುತ್ತೆ. ಇದು ಸುಮ್ಮನೆ ಅಭ್ಯಾಸ, ಕಿವಿ ಇಲ್ಲದಾಗ ಮಾಡ್ಕೊಂಡಿದ್ದು. ಬಿಡೋಕೆ ಟೈಮ್ ಬೇಕಲ್ಲ... ಟೀ ಆರ್ತಾ ಇದೆ, ಕುಡೀರಿ.

ಹಾಂ. ಒಳಗೆ ಹಾಡೋಕೆ ಶುರು ಮಾಡಿದ್ರು. ಹಾಡು ಬಂತು ಅಂದ್ರೆ ಪ್ರಾರ್ಥನೆ ಮುಗೀತು ಅಂತ. ದಿನಾ ಹೀಗೇ.

ಗಂಟಲು ಕಟ್ಟಿದೆ ಅವರಿಗೆ. ನಿನ್ನೆ ತಲೆಗೆ ಸ್ನಾನ ಮಾಡಿದ್ರು, ಶೀತ... ಶೀತಕ್ಕೆ ಸ್ವರ ಹಾಗೆ...

ಅಕ್ಕಾ.

ಲೋಟ ಕೆಳಗಿಟ್ಟು ಹಾಗೆ ಕೂರಬೇಡಿ. ನಿಮಗೆ ಗೊತ್ತಾಗದೇ ಇರುತ್ತಾ, ಚಿಕ್ಕಂದಿನಲ್ಲಿ ಅವರಿಗೆ ಸ್ವರ ಹೇಳಿಕೊಟ್ಟವರೇ ನೀವು. ಒಂದು ಎಳೆ ಆಚೀಚೆ ಆಗ್ತಿರಲಿಲ್ಲ. ಈಗ ಕೇಳಿ... ಎಲ್ಲಿಂದ ಎಲ್ಲಿಗೋ ಹೋಗ್ತಾ ಇದೆ. ಸರಿಯಾಗೇ ಹಾಡ್ತಿದೀನಿ ಅಂತ ಅವರ ಲೆಕ್ಕ. ನಾನು ಹೇಳಿಲ್ಲ. ಹೇಗೆ ಹೇಳೋದು.

ಬಂದಿಲ್ಲ ಅಕ್ಕಾ. ಕಿವಿ ಬಂದಿಲ್ಲ. ಕಿವಿ ಕಿತ್ಕೊಂಡ ಆ ಜ್ವರ ಬಿಟ್ಟ ದಿನ ಹೇಗಿತ್ತೋ ಹಾಗೇ ಇದೆ. ನರ ಸತ್ತುಹೋಗಿದೆ ಅಂತ ಡಾಕ್ಟರು ನಿಮ್ಮ ಮುಂದೇನೇ ಹೇಳಿದ್ರಲ್ಲ, ಅದೇ ನಿಜ.

ಹೇಗೆ ಅಂದ್ರೆ... ಸಭೆಯವರೆಲ್ಲ ಇವರಿಗಾಗಿ ಉಪವಾಸ ಇದ್ರು. ಬಿಸ್ಕತ್ತಜ್ಜಿ ಇದಾರಲ್ಲ, ಚರ್ಚಿಗೆ ಬರೋ ಮಕ್ಕಳಿಗೆಲ್ಲ ಸೆರಗಿನ ಗಂಟಿಂದ ಬಿಸ್ಕತ್ತು ತೆಗೆದುಕೊಡೋ ಅಜ್ಜಿ, ಮೈತುಂಬ ಸಕ್ಕರೆ ಕಾಯಿಲೆ ಇಟ್ಕೊಂಡು ಅವರೂ ಉಪವಾಸ. ಕೊನೇ ದಿನ ಇವರನ್ನ ಮುಂದಿನ ಬೆಂಚಿನ ಹತ್ತಿರ ಮೊಣಕಾಲೂರಿಸಿ, ತಲೆ ಮೇಲೆ ಕೈಯಿಟ್ಟು ಎಲ್ಲರೂ ಪ್ರಾರ್ಥನೆ ಮಾಡಿದ್ರು. ಮುಗಿದ ಮೇಲೆ ನಮ್ಮ ಸಭೆಯ ಹಿರಿಯರೊಬ್ಬರು, ರಿಟೈರ್ಡ್ ಹೆಡ್‌ಮಾಸ್ಟರು, ಪರೀಕ್ಷೆ ಮಾಡೇ ಬಿಡೋಣ ಅಂತ ಹಿಂದಿನಿಂದ ಹೋಗಿ ದಪ್ಪ ಪುಸ್ತಕ ಎತ್ತಿ ಬೆಂಚಿನ ಮೇಲೆ ಧಪ್ ಅಂತ ಹಾಕಿದ್ರು. ಇವರು ತಿರುಗಿ ನೋಡಿದ್ರು. ಇವರ ಕೈ ಆ ಬೆಂಚಿನ ಮೇಲೇ ಇತ್ತು ಅಕ್ಕಾ. ಕೈ ಕೆಳಗೆ ಮರ ನಡುಗಿದರೆ ಯಾರಾದ್ರೂ ತಿರುಗ್ತಾರೆ. ಆಗಿದ್ದು ಇಷ್ಟೇ.

ಇಡೀ ಚರ್ಚು ಎದ್ದು ನಿಂತಿತು. ಸ್ತೋತ್ರ ಸ್ತೋತ್ರ ಅಂತ ಕೂಗೋರು, ಅಳೋರು, ತಬ್ಬಿಕೊಳ್ಳೋರು. ಆ ಗದ್ದಲದಲ್ಲಿ ಇವರು ನನ್ನ ಮುಖ ಹುಡುಕಿದ್ರು. ಏನಾಯ್ತು ಅಂತ ಕಣ್ಣಲ್ಲೇ ಕೇಳಿದ್ರು. ಆಗಲೇ ಗೊತ್ತಾಯ್ತು ನನಗೆ. ಗೊತ್ತಾಗಿಯೂ... ಅಜ್ಜಿ ನನ್ನ ಕೈ ಹಿಡಿದು ಮೈಕ್ ಹತ್ತಿರ ಎಳ್ಕೊಂಡು ಹೋದ್ರು. ಹಸಿವಿಗೆ ನಿಲ್ಲೋಕಾಗದೆ ನಡುವೆ ನಡುವೆ ಬೆಂಚು ಹಿಡ್ಕೋತಾ ಇದ್ರು. ಕೇಳಿಸ್ತಾ ಇದೆ ಅಂದೆ. ನನ್ನ ಗಂಡನಿಗೆ ಕೇಳಿಸ್ತಾ ಇದೆ, ಕರ್ತನಿಗೆ ಸ್ತೋತ್ರ ಅಂದೆ.

ಯಾಕೆ ಅಂತ ನನ್ನ ಕೇಳಬೇಡಿ. ಅಜ್ಜಿ ಮೇಲಿನ ಕನಿಕರಕ್ಕೋ, ಅಷ್ಟು ಜನ ಹಸಿದಿದ್ದು ನೀರಲ್ಲಿ ಹೋಮ ಆಗಬಾರದು ಅಂತಲೋ... ಅಥವಾ ನಾನು ಬಾಯಿಬಿಟ್ಟು ಹೇಳಿಬಿಟ್ಟರೆ, ದೇವರು ತನ್ನ ಮರ್ಯಾದೆ ಉಳಿಸ್ಕೊಳ್ಳೋಕಾದ್ರೂ ಮಾಡಿಕೊಡ್ತಾನೆ ಅನ್ನೋ ಆಸೆಯೋ. ಮಾರನೇ ದಿನ ಬೆಳಗ್ಗೆ ಎದ್ದು ಅವರ ಬೆನ್ನ ಹಿಂದೆ ನಿಂತು ಮೆಲ್ಲಗೆ ಕರೆದೆ. ಆಮೇಲೆ ಸ್ವಲ್ಪ ಜೋರಾಗಿ ಕರೆದೆ. ಇವರು ದಾರಕ್ಕೆ ಗಂಟು ಹಾಕ್ತಾ ಇದ್ರು, ಹಾಕ್ತಾನೇ ಇದ್ರು.

ಭಯಾನಾ? ಇಲ್ಲ. ಮೊದಮೊದಲು ಆಗ್ತಿತ್ತು, ಈಗ ಏನೂ ಆಗಲ್ಲ. ಹಲ್ಲು ಕೀಳೋ ಮುಂಚೆ ಇಂಜೆಕ್ಷನ್ ಕೊಡ್ತಾರಲ್ಲ, ದವಡೆ ಇದೆಯೋ ಇಲ್ಲವೋ ಗೊತ್ತಾಗಲ್ಲ, ಹಾಗಿದೀನಿ. ಚರ್ಚಲ್ಲಿ ಕಣ್ಣು ಮುಚ್ಚಿ ಕೂರ್ತೀನಿ, ಕೊನೇಲಿ ಆಮೆನ್ ಅಂತೀನಿ. ನಡುವೆ ಯಾರ ಕೋಟಿಗೆ ಗುಂಡಿ ಹಾಕೋದು ಬಾಕಿ ಇದೆ ಅಂತ ಯೋಚಿಸ್ತಾ ಇರ್ತೀನಿ. ದೇವರ ಮೇಲೆ ಸಿಟ್ಟೂ ಬರಲ್ಲ ಅಕ್ಕಾ. ಸಿಟ್ಟು ಬಂದಿದ್ರೆ ಎಷ್ಟೋ ಚೆನ್ನಾಗಿತ್ತು.

ಹಾಲಿನ ಅಂಗಡಿಯಾಕೆ ಇದಾಳೆ. ಅವಳ ಮಗಳಿಗೆ ಕಾಲಲ್ಲಿ ಶಕ್ತಿ ಇಲ್ಲ, ಎತ್ಕೊಂಡೇ ಬರಬೇಕು. ನಿಮ್ಮ ಸಾಕ್ಷಿ ಕೇಳಿದ ಮೇಲೆ ನನಗೆ ಧೈರ್ಯ ಬಂತು ಅಂತ ವಾರ ವಾರ ನನ್ನ ಕೈ ಹಿಡ್ಕೋತಾಳೆ. ಮಗೂನ ಆಸ್ಪತ್ರೆಗೆ ಕರ್ಕೊಂಡು ಹೋಗೋದು ನಿಲ್ಲಿಸಿದಾಳಂತೆ. ಇನ್ನು ಡಾಕ್ಟರು ಯಾಕೆ, ಕರ್ತನೇ ನೋಡ್ಕೋತಾನೆ ಅಂದ್ಲು. ನಾನು ತಲೆ ಆಡಿಸಿದೆ. ಅವಳ ಕೈ ಬೆಚ್ಚಗಿತ್ತು. ನನಗೆ ಅಷ್ಟು ಮಾತ್ರ ಗೊತ್ತಾಗಿದ್ದು, ಬೆಚ್ಚಗಿದೆ ಅಂತ.

ಹಾಡ್ಲಿ ಬಿಡಿ, ಇನ್ನೂ ಚರಣಗಳಿವೆ.

ಅವರಾ? ಅವರೇನಂತಾರೆ ಅಂದ್ರೆ... ಅವರಿಗೇನು, ಸಂತೋಷವಾಗಿದಾರೆ. ನಿಜವಾಗ್ಲೂ. ಡಾಕ್ಟರು ಕೈಚೆಲ್ಲಿದ ದಿನ ಅತ್ತಿದ್ದೇ ಕಡೆ, ಯಾರದೋ ಅರ್ಧ ಹೊಲಿದ ಕೋಟಲ್ಲಿ ಮುಖ ಮುಚ್ಕೊಂಡು. ಆಮೇಲೆ ಮೂಗು ಒರೆಸ್ಕೊಂಡು ಮೆಷಿನ್ ಮುಂದೆ ಕೂತ್ರು. ಪರಲೋಕಕ್ಕೆ ಹೋದ ಮೇಲೆ ಕರ್ತನು ಹೇಗೂ ಕಿವಿ ಕೊಡ್ತಾನೆ, ನನಗೇನೂ ಅವಸರ ಇಲ್ಲ ಅಂದ್ರು. ನಗ್ತಾನೇ ಅಂದ್ರು. ನನಗೆ ಮೈಯೆಲ್ಲ ಉರಿದು ಹೋಯ್ತು. ನನಗೆ ಅವಸರ ಇತ್ತು ಅಕ್ಕಾ. ನಾನು ಕರೆದರೆ ತಿರುಗಬೇಕು, ಇಲ್ಲಿ, ಈ ಮನೇಲಿ. ನಾನು ಕೇಳಿದ್ದು ಅಷ್ಟೇ. ಇವರ ನಂಬಿಕೆಗೆ ಏನೂ ಸಿಗದಿದ್ರೂ ನಡೆಯುತ್ತೆ. ನನ್ನದಕ್ಕೆ ನಡೆಯಲಿಲ್ಲ.

ಗೊತ್ತು, ನೀವು ಕೇಳಿದ್ದು ಅದಲ್ಲ. ಈ ಸುಳ್ಳಿಗೆ ಅವರು ಹೇಗೆ ಒಪ್ಪಿದ್ರು ಅಂತ ತಾನೇ. ಒಪ್ಪಿದ್ರು ಅಂದ್ರೆ... ನಿಧಾನಕ್ಕೆ ಕೂತು ಹೇಳಿದ್ರೆ... ದೊಡ್ಡ ಮನಸ್ಸು ಅವರದ್ದು, ನಿಮಗೇ ಗೊತ್ತು...

ಬೈಯಿರಿ. ಬಾಯಿಗೆ ಬಂದಿದ್ದು ಬೈಯಿರಿ, ಕೇಳಿಸ್ಕೋತೀನಿ.

ಹಾಗೆ ನೋಡ್ತಾ ಕೂರಬೇಡಿ ಅಕ್ಕಾ. ಅವರೂ ಹೀಗೇ ನೋಡೋದು. ತುಟಿ ನೋಡ್ತಾ... ಹೇಳ್ತಾಳೆ ಅಂತ ಕಾಯ್ತಾ.

ಅವರಿಗೆ ಗೊತ್ತಿಲ್ಲ.

ನಾನು ಮೈಕಲ್ಲಿ ಹೇಳಿದ್ದು ಅವರಿಗೆ ಕೇಳಿಸಿಲ್ಲವಲ್ಲ. ಅವರಿಗೆ ಬೆನ್ನು ಮಾಡಿ ನಿಂತಿದ್ದೆ. ಅವರು ಓದೋದು ನನ್ನ ತುಟಿ ಮಾತ್ರ. ಯಾರು ಏನಂದ್ರೂ ಕೊನೆಗೆ ನನ್ನ ಕಡೆ ತಿರುಗ್ತಾರೆ, ನಾನು ಮತ್ತೆ ಹೇಳಿ ತೋರಿಸಬೇಕು. ದೇವರು ಎಂಥ ಕೆಲಸ ಮಾಡಿದ ಅಂತ ಪಾದ್ರಿಗಳು ಇವರ ಭುಜ ತಟ್ಟಿದಾಗ, ಆರೋಗ್ಯ ಹೇಗಿದೆ ಅಂತ ಕೇಳ್ತಿದಾರೆ ಅಂದೆ. ಚೆನ್ನಾಗಿದೀನಿ, ಕರ್ತನಿಗೆ ಸ್ತೋತ್ರ ಅಂದ್ರು ಇವರು. ಇಬ್ಬರಿಗೂ ಸರಿಹೋಯ್ತು. ಆ ದಿನ ಮನೆಗೆ ಬಂದ ಮೇಲೆ ಯಾಕೆ ಎಲ್ಲರೂ ಹಾಗೆ ಅತ್ತರು ಅಂತ ಕೇಳಿದ್ರು. ನಿಮ್ಮ ಮೇಲಿನ ಪ್ರೀತಿಗೆ ಅಂದೆ. ಇಷ್ಟು ಪ್ರೀತಿ ಇದೆ ಅಂತ ಕಿವಿ ಹೋಗೋ ತನಕ ಗೊತ್ತೇ ಇರಲಿಲ್ಲ ನೋಡು ಅಂದ್ರು.

ತನಗೆ ಕಿವಿ ಇಲ್ಲ ಅಂತ ಗೊತ್ತಿದ್ದೂ ತಂಡದವರು ಸಹಿಸ್ಕೊಂಡಿದಾರೆ ಅಂತ ಇವರು ಅಂದ್ಕೊಂಡಿದಾರೆ. ಇನ್ನು ಅವರಿಗೆ ಹೊರೆ ಆಗಬಾರದು, ಕೋಲು ಪೋಸ್ಟ್‌ಮ್ಯಾನ್ ಮಗಳ ಕೈಗೆ ಕೊಡ್ತೀನಿ, ಪಾದ್ರಿಗಳಿಗೆ ಹೇಳಿಬಿಡು ಅಂದ್ರು. ನಾನು ಹೇಳಲಿಲ್ಲ. ಅಷ್ಟರಲ್ಲಿ ಪಾದ್ರಿಗಳೇ ಈ ಕೂಟ ಇಟ್ರು. ಬೀಳ್ಕೊಡುಗೆನಾ ಅಂತ ಇವರು ಕೇಳಿದ್ರು. ಹೂಂ ಅಂತ ತಲೆ ಆಡಿಸಿದೆ. ಈಗ ಹಾಡ್ತಿರೋದೂ ಬೀಳ್ಕೊಡುಗೆಗೆ ಅಂತ ಆರಿಸ್ಕೊಂಡಿರೋ ಹಾಡು. ಕನ್ನಡಿ ಮುಂದೆ ಭಾಷಣನೂ ಅಭ್ಯಾಸ ಮಾಡಿದಾರೆ. ಕಿವಿ ಇಲ್ಲದವನನ್ನ ಇಷ್ಟು ದಿನ ಮುಂದೆ ನಿಲ್ಲಿಸ್ಕೊಂಡ್ರಲ್ಲ, ನಿಮ್ಮ ಋಣ ಹೇಗೆ ತೀರಿಸಲಿ ಅಂತ. ಇವತ್ತು ಮಧ್ಯಾಹ್ನ ಎಲ್ಲರ ಮುಂದೆ ಅದನ್ನೇ ಹೇಳೋದು. ನಾನು ಆಗಷ್ಟೇ ಸಾಕ್ಷಿ ಹೇಳಿ ಕೂತಿರ್ತೀನಿ.

ಹೌದು, ನೀವು ಪುಸ್ತಕ ಎತ್ತಿ ಹಿಡಿದ ಮಾತ್ರಕ್ಕೆ ಏನೂ ಉಳಿಯಲ್ಲ. ಅದೂ ಗೊತ್ತು. ಹಾಡೊಂದು ಸರಿಯಾಗಿ ಶುರುವಾದರೆ ಸಾಕು ಅಂತ... ಅದರಾಚೆಗೆ ನನ್ನ ತಲೆ ಓಡೋದೇ ಇಲ್ಲ.

ಹಾಡು ನಿಂತಿತು. ಈಗ ಹೊರಗೆ ಬರ್ತಾರೆ.

ನೀವು ಹೇಳ್ತೀರಾ ಅಕ್ಕಾ? ಒಡಹುಟ್ಟಿದವರು, ನೀವು ಹೇಳಿದ್ರೆ... ಇಲ್ಲ. ನಿಮ್ಮ ತುಟಿ ಅವರಿಗೆ ಅಭ್ಯಾಸ ಇಲ್ಲ. ಆಗಲೂ ತಿರುಗಿ ನನ್ನ ಮುಖವನ್ನೇ ನೋಡ್ತಾರೆ.

ನಾನೇ ಹೇಳಬೇಕು, ಮೊದಲು ಅವರಿಗೆ. ಆಮೇಲೆ ಮೈಕಲ್ಲಿ. ಹಾಲಿನ ಅಂಗಡಿಯಾಕೆ ಮುಂದೇನೇ ಕೂತಿರ್ತಾಳೆ, ಮಗೂನ ತೊಡೆ ಮೇಲೆ ಇಟ್ಕೊಂಡು. ಅಜ್ಜಿ ಪಕ್ಕದಲ್ಲೇ. ಅವರೆಲ್ಲ ಏನಂತಾರೋ. ಇವರು ಏನಂತಾರೋ. ಆ ಪ್ರೀತಿ ಯಾವುದಕ್ಕೆ ಅಂತ ಗೊತ್ತಾದ ಮೇಲೆ ಇವರ ಮುಖ... ಕರ್ತನೇ. ಕರ್ತನೇ ಅಂತ ಬಾಯಿಗೆ ಬಂತು ನೋಡಿ, ಎಷ್ಟು ದಿನ ಆಗಿತ್ತು. ಮುಂದಕ್ಕೆ ಏನೂ ಬರ್ತಿಲ್ಲ.

ಇರಲಿ, ಇಸ್ತ್ರಿ ನಾನೇ ಆರಿಸ್ತೀನಿ. ನೀವು ಆ ಕಿಟಕಿ ಪರದೆ ಪೂರ್ತಿ ಸರಿಸಿ. ನನ್ನ ಬಾಯಿ ಮೇಲೆ ಬೆಳಕು ಬೀಳಬೇಕು. ಒಂದೇ ಸಲಕ್ಕೆ ಅವರಿಗೆ ಅರ್ಥ ಆಗಬೇಕು, ಅಕ್ಕಾ. ಇನ್ನೊಂದು ಸಲ ಹೇಳು ಅಂದ್ರೆ ನನ್ನ ಕೈಲಿ ಆಗಲ್ಲ.