ಆಕಾಶನೌಕೆಯ ಡಬ್ಬಿ

ಆ ವರ್ಷವೂ ಮಳೆ ಕೈಕೊಟ್ಟಿತ್ತು. ಭಾಲ್ಕಿಯಿಂದ ಔರಾದಿಗೆ ಹೊರಟ ಬಸ್ಸಿನಲ್ಲಿ ಕೌಸಲ್ಯಾಬಾಯಿಯ ಮುಂದಿನ ಸೀಟಿಗೆ ಗಂಡ ಹೆಂಡತಿ ಬಂದು ಕೂತರು. ಗಂಡ ಪುಣೆಯ ದುಡಿಮೆಯಿಂದ ಆಗಷ್ಟೇ ಬಂದಿಳಿದವನು. ಅವನ ತೊಡೆಯ ಮೇಲೆ ಬಿಡಿ ತುಂಡು ಜೋಡಿಸಿ ಕಟ್ಟುವ ಆಟಿಕೆಯ ದೊಡ್ಡ ಡಬ್ಬಿ. ಅದರ ಮೇಲೆ ಯಾವುದೋ ಸಿನಿಮಾದ ಆಕಾಶನೌಕೆಯ ಚಿತ್ರ.

“ತಿಂಗಳ ಪಗಾರ ಪ್ಲಾಸ್ಟಿಕ್‌ಗಿ ಹಾಕಿ ಬಂದ್ರೇನ್ರಿ?”

“ಅಸಲಿ ಕಂಪನಿದು ಅದ.”

“ನಕಲಿದು ಬೀದರದಾಗ ಕಾಲುಭಾಗಕ್ಕ ಸಿಗ್ತದ.”

“ನಕಲಿ ತುಂಡು ಗಟ್ಟಿ ಕೂಡಂಗಿಲ್ಲ.”

“ಸಣ್ಣದರ ತರಬೇಕಿತ್ತು.”

ಹೆಂಗಸಿನ ಮಾತೇ ಸರಿ ಎಂದು ಕೌಸಲ್ಯಾಬಾಯಿಗೂ ಅನ್ನಿಸಿತು.

“ಹೋದ ಸಲ ಸಣ್ಣ ಜೀಪು ತಂದಿದ್ದೆ. ಅದು ಕಟ್ಟಿ ಮುಗಿಯೂ ತನಕ ಹೋಗಂಗಿಲ್ಲ ಅಂತ ಮಗಳಿಗಿ ಮಾತು ಕೊಟ್ಟಿದ್ದೆ. ಮಧ್ಯಾಹ್ನಕ್ಕ ಮುಗೀತು, ಸಂಜಿಗಿ ಗಾಡಿ ಹತ್ತಿದೆ.”

“ಅದಕ್ಕ?”

“ಈ ಸಲ ಫೋನಿನಾಗ ಆಕಿನೇ ಹೇಳಿದಳು. ಅಂಗಡ್ಯಾಗ ಎಲ್ಲಕಿಂತ ಜಾಸ್ತಿ ತುಂಡು ಇದ್ದದ್ದೇ ತಾ ಅಪ್ಪಾ ಅಂತ.”

ಔರಾದಿನಲ್ಲಿ ಇಳಿಯುವಾಗ ಹೆಂಡತಿ ಡಬ್ಬಿಯನ್ನು ತಾನೇ ತೆಗೆದುಕೊಂಡು ಎದೆಗೊತ್ತಿ ಹಿಡಿದಳು.

“ಆಕಿಗಿ ಹೇಳಬ್ಯಾಡ್ರಿ. ನಾಲ್ಕು ತುಂಡು ನಾ ಮುಚ್ಚಿಡ್ತೇನಿ.”